ನಲವತ್ತೆರಡನೇ ಸುತ್ತು

ಸಿದ್ಧಾರ್ಥನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಕ್ರಿಸ್ಟೋಫರ್ ಮಾಮನ ಅಂಗಡಿ. ಮೊದಲು ಅಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿ ಕೊಡುತ್ತಿದ್ದರು. ಆಮೇಲೆ ಸಿ.ಡಿ. ಬರೆದು ಕೊಡುತ್ತಿದ್ದರು. ಈಗ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ಹಾಕಿ ಕೊಡುತ್ತಾರೆ. ಇಷ್ಟು ವರ್ಷ ಹಾಡಿನ ನಡುವೆಯೇ ಕೂತ ಮನುಷ್ಯ ಒಂದು ದಿನವೂ ಕಿವಿಗೆ ಹೆಡ್‌ಫೋನ್ ಹಾಕಿದ್ದನ್ನು ನಾನು ನೋಡಿರಲಿಲ್ಲ. ಅವರ ಕುರ್ಚಿಯ ಬೆನ್ನು ಸದಾ ಗೋಡೆಗೆ ತಾಗಿರುತ್ತಿತ್ತು. ಮುಖ ಬೀದಿಯ ಕಡೆಗಲ್ಲ, ಮನೆಯೊಳಗೆ ಹೋಗುವ ಬಾಗಿಲಿನ ಪರದೆಯ ಕಡೆಗೆ. ಗಿರಾಕಿ ಬಂದರೆ ಕತ್ತು ಹೊರಳಿಸಿ ಮಾತಾಡುತ್ತಿದ್ದರು.

ಎದುರು ಮನೆಯ ನೀಲಮ್ಮ ಹಾಲು ತರಲು ಹೋಗುವಾಗಲೆಲ್ಲ ಹೇಳುತ್ತಿದ್ದರು: "ಅಂಗಡಿಯವ್ನು ಬೀದಿ ಕಡೆ ನೋಡ್ಕೊಂಡು ಕೂರ್ಬೇಕು ಕಣೋ ಕ್ರಿಸ್ಟಿ. ನೀನು ನೋಡಿದ್ರೆ ಊಟಕ್ಕೆ ಕರೀತಾರಾ ಅಂತ ಕಾಯ್ಕೊಂಡು ಕೂತಿರೋನಂಗೆ ಅಡ್ಗೆಮನೆ ಕಡೆ ನೋಡ್ತೀಯ."

ಮಾಮ ನಗುತ್ತಿದ್ದರು. ಕುರ್ಚಿ ಮಾತ್ರ ತಿರುಗಿಸುತ್ತಿರಲಿಲ್ಲ.

ಮಾಮ ನನ್ನ ಅಮ್ಮನ ತಮ್ಮ. ನಾನು ಚಿಕ್ಕವಳಿದ್ದಾಗಲೇ ಅಮ್ಮನೂ ನಾನೂ ಈ ಮನೆಗೆ ಬಂದುಬಿಟ್ಟೆವು. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಯ ಕಂಪ್ಯೂಟರ್ ಮುಂದೆ ಕೂರುವುದು ನನ್ನ ಅಭ್ಯಾಸವಾಯಿತು. ಇಲ್ಲಿ ಬರೆದಿರುವುದರಲ್ಲಿ ನಾನು ಕಂಡದ್ದು ಸ್ವಲ್ಪ, ಉಳಿದದ್ದು ಅಮ್ಮ ಮತ್ತು ಮಾಮ ಹೇಳಿದ್ದು. ಯಾವುದನ್ನು ಯಾರು ಹೇಳಿದರು ಎನ್ನುವುದನ್ನು ತಪ್ಪದೆ ಬರೆಯಲು ನೋಡಿದ್ದೇನೆ.

ಮಾಮನಿಗೆ ಹಿಪ್ ಹಾಪ್ ಹುಚ್ಚು ಹಿಡಿದದ್ದು ೧೯೯೧ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ. ಆಗ ರಾಜೀವನಗರದಲ್ಲಿ ಬಾಡಿಗೆಗಿದ್ದ ಜುಮಾ ಎಂಬ ತಾಂಜಾನಿಯಾದ ವಿದ್ಯಾರ್ಥಿ ಅವರಿಗೆ ಪರಿಚಯವಾದ. ಅವನ ಹತ್ತಿರ ರ್‍ಯಾಪ್ ಕ್ಯಾಸೆಟ್ಟುಗಳಿದ್ದವು. ಹಾಡಿನ ಮಾತು ಮಾಮನಿಗೆ ಅರ್ಥವಾಗುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ಹಿಂದಿನ ಡ್ರಮ್ಮನ್ನು. ಅದು ಯಾರೋ ಹಳಬರು ಯಾವುದೋ ಹಾಡಿಗೆ ಬಾರಿಸಿದ್ದು, ಅದರಿಂದ ಎರಡು ಮೂರು ಸೆಕೆಂಡು ಕತ್ತರಿಸಿ ಅದನ್ನೇ ಸುತ್ತು ಸುತ್ತಾಗಿ ಹಾಕುತ್ತಾರೆ ಎಂದು ಜುಮಾ ತಿಳಿಸಿದ. ಬಾರಿಸಿದವನು ಸತ್ತೇ ಹೋಗಿರಬಹುದು, ಆದರೂ ಹಾಡು ಮುಗಿಯುವವರೆಗೆ ಅವನ ಕೈ ನಿಲ್ಲುವುದಿಲ್ಲ. ಮಾಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

ಅದಕ್ಕೆ ದೊಡ್ಡ ಯಂತ್ರ ಬೇಕು. ಯಂತ್ರವಿಲ್ಲದ ಹುಡುಗರು ಏನು ಮಾಡುತ್ತಾರೆಂದು ಜುಮಾ ತೋರಿಸಿಕೊಟ್ಟ. ಎರಡು ಕ್ಯಾಸೆಟ್ ಹಿಡಿಸುವ ಟೇಪ್‌ರೆಕಾರ್ಡರಿನಲ್ಲಿ ಒಂದು ಕಡೆ ರ್‍ಯಾಪ್ ಕ್ಯಾಸೆಟ್, ಇನ್ನೊಂದು ಕಡೆ ಖಾಲಿ ಕ್ಯಾಸೆಟ್. ಬೇಕಾದ ಡ್ರಮ್ ಬಂದಾಗ ಪಾಜ್ ಗುಂಡಿ ಬಿಡಬೇಕು, ಮುಗಿಯುತ್ತಲೇ ಒತ್ತಬೇಕು. ಮೊದಲ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅದೇ ಜಾಗ ಹುಡುಕಿ, ಮತ್ತೆ ಬಿಡಬೇಕು, ಮತ್ತೆ ಒತ್ತಬೇಕು. ಒಂದು ಸುತ್ತಿಗೆ ಒಂದೂವರೆ ನಿಮಿಷ ಹಿಡಿಯುತ್ತದೆ.

ಮಾಮ ಆರಿಸಿಕೊಂಡ ಸುತ್ತು ಮೂರು ಸೆಕೆಂಡಿನದು. ಎರಡು ಸೆಕೆಂಡು ಡ್ರಮ್, ಕೊನೆಯಲ್ಲಿ ಸುಮಾರು ಒಂದು ಸೆಕೆಂಡು ಏನೂ ಇಲ್ಲ. ಆ ಖಾಲಿ ಜಾಗ ಬೇಕೆಂದು ಕೇಳಿದ್ದವನು ಒಂಟಿಕೊಪ್ಪಲಿನ ಮಹೇಶ್. ಅವನದೊಂದು ಬ್ರೇಕ್ ಡ್ಯಾನ್ಸ್ ತಂಡವಿತ್ತು. ಡ್ರಮ್ ನಿಂತಾಗ ಹುಡುಗರೆಲ್ಲ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು, ಮತ್ತೆ ಡ್ರಮ್ ಬಂದಾಗ ಅಲ್ಲಾಡಬೇಕು. ನಾಲ್ಕು ನಿಮಿಷದ ಡ್ಯಾನ್ಸಿಗೆ ಎಂಬತ್ತು ಸುತ್ತು.

೧೯೯೨ರ ಜುಲೈ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮಾಮ ಆ ಎಂಬತ್ತು ಸುತ್ತು ಮಾಡಿದರು. ತಾತ ಆರೋಗ್ಯಸ್ವಾಮಿ ರೈಲ್ವೆ ವರ್ಕ್‌ಶಾಪಿಗೆ ಹೋಗಿದ್ದರು. ಅಮ್ಮ ಒಂದು ವರ್ಷದ ನನ್ನನ್ನು ಎತ್ತಿಕೊಂಡು ಅಪ್ಪನ ಊರಿನಲ್ಲಿದ್ದರು. ಮನೆಯಲ್ಲಿದ್ದದ್ದು ಮಾಮ ಮತ್ತು ಅಜ್ಜಿ ಫಾತಿಮಾ. ಚರ್ಚಿನ ಫಾತಿಮಾ ಮಾತೆಯ ಹೆಸರನ್ನೇ ಅಜ್ಜಿಗೆ ಇಟ್ಟಿದ್ದರು. ಅಜ್ಜಿಗೆ ಹೃದಯದ ತೊಂದರೆ ಇತ್ತು. ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಮಲಗಿದರು. ಮಾಮ ಮುಂದಿನ ಕೋಣೆಯಲ್ಲಿ, ಪರದೆಗೆ ಬೆನ್ನು ಹಾಕಿ, ಹೆಡ್‌ಫೋನ್ ಏರಿಸಿ ಕೂತರು.

ಎಂಬತ್ತೂ ಮುಗಿದಾಗ ಹೆಡ್‌ಫೋನ್ ತೆಗೆದು, "ಅಮ್ಮಾ, ಕಾಫಿ" ಎಂದು ಕೂಗಿದರು. ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಅಜ್ಜಿ ಮಂಚದ ಮೇಲೆ ಮಲಗಿದ್ದರು. ಹವಾಯಿ ಚಪ್ಪಲಿ ಮಂಚದ ಕೆಳಗೆ ಜೋಡಿಸಿಟ್ಟ ಹಾಗೆಯೇ ಇತ್ತು. ನಾಲ್ಕೂವರೆಗೆ ಬಂದ ಡಾಕ್ಟರು ಕೈ ಹಿಡಿದು ನೋಡಿ, ಜೀವ ಹೋಗಿ ಒಂದು ಗಂಟೆಯ ಮೇಲಾಗಿದೆ ಎಂದರು.

ಮಣ್ಣಾದ ಮೇಲೆ ತಾತ ಮಾಮನನ್ನು ಒಂದೇ ಪ್ರಶ್ನೆ ಕೇಳಿದರಂತೆ. ಸುದ್ದಿ ತಿಳಿದು ಬಂದಿದ್ದ ಅಮ್ಮ ಅಲ್ಲೇ ಇದ್ದರು.

"ಅವ್ಳು ಕೂಗ್ಲಿಲ್ವೇನೋ?"

"ಇಲ್ಲಪ್ಪ. ಕೂಗಿದ್ರೆ ಕೇಳ್ತಿತ್ತು."

ಹೆಡ್‌ಫೋನಿನ ವಿಷಯವನ್ನು ಮಾಮ ಹೇಳಲಿಲ್ಲ. ಅವರು ಸುಳ್ಳು ಹೇಳಿದರು ಎಂದು ನಾನು ಬರೆಯುವುದಿಲ್ಲ. ಅವರಿಗೆ ಏನೂ ಕೇಳಿಸಿರಲಿಲ್ಲ, ಅದು ನಿಜ.

ವಾರ ಕಳೆದ ಮೇಲೆ ಮಹೇಶ್ ಬಂದು ಕ್ಯಾಸೆಟ್ ಒಯ್ದ. ಎರಡೇ ದಿನಕ್ಕೆ ತಿರುಗಿ ಬಂದ.

"ಏನೋ ಅದು, ಮಧ್ಯದಲ್ಲಿ? ಪ್ರಾಕ್ಟೀಸ್ ಮಾಡ್ತಾ ಇದ್ವಿ, ಕಲ್ಲಾಗಿ ನಿಂತಿದ್ವಿ. ನಾಲ್ಕು ಜನಾನೂ ಒಟ್ಟಿಗೇ ಹಿಂದಕ್ ತಿರುಗ್‌ಬುಟ್ವಿ ಕಣೋ. ಯಾರೋ ಕರ್ದಂಗಾಯ್ತು."

"ಟೇಪಿನ ಸದ್ದು ಇರ್ಬೇಕು."

"ಏನಾದ್ರೂ ಆಗ್ಲಿ ಬುಡು, ಸಖತ್ತಾಗಿದೆ. ಅದನ್ನೇ ಸ್ಟೆಪ್ ಮಾಡ್ಕೋತೀವಿ."

ಹಾಗೆ ಅದು ಒಂದು ಸ್ಟೆಪ್ ಆಯಿತು. ನಲವತ್ತೆರಡನೇ ಸುತ್ತಿನ ಖಾಲಿ ಜಾಗದಲ್ಲಿ ಹುಡುಗರೆಲ್ಲ ಎಡಗಡೆಯಿಂದ ಹಿಂದಕ್ಕೆ ತಿರುಗಿ ನೋಡಬೇಕು. ಕ್ಯಾಸೆಟ್ಟಿನ ನಕಲು ಊರೆಲ್ಲ ಹರಡಿತು. ಕಾಲೇಜ್ ಡೇಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಅದೇ ಬೀಟ್. ಯಾವ ತಂಡಕ್ಕೂ ಆ ಸ್ಟೆಪ್ಪನ್ನು ಹೇಳಿಕೊಡಬೇಕಾಗಿರಲಿಲ್ಲ ಎಂದು ಮಹೇಶ್ ಹೇಳುತ್ತಿದ್ದ. ಮೊದಲ ಸಲ ಕೇಳಿದ ಹುಡುಗರೂ ತಾವಾಗಿಯೇ ತಿರುಗುತ್ತಿದ್ದರಂತೆ.

ಮಾಮ ಆ ಬೀಟ್ ಹಾಕಬೇಕಾಗಿ ಬಂದಾಗಲೆಲ್ಲ ನಲವತ್ತೆರಡು ಹತ್ತಿರವಾಗುತ್ತಿದ್ದಂತೆ ಕೆಮ್ಮುತ್ತಿದ್ದರು. ಇಲ್ಲವೇ ಕ್ಯಾಸೆಟ್ ಡಬ್ಬಿಯನ್ನು ಮೇಜಿಗೆ ಕುಟ್ಟುತ್ತಿದ್ದರು. ಇದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಏಕೆಂದು ನನಗೆ ತಿಳಿದದ್ದು ತಡವಾಗಿ. ಆ ಟೇಪ್‌ರೆಕಾರ್ಡರಿನ ಒಳಗೇ ಒಂದು ಚಿಕ್ಕ ಮೈಕ್ ಇತ್ತು. ಹಾಡಿನ ಮೇಲೆ ನಮ್ಮ ದನಿ ಸೇರಿಸಬೇಕಾದರೆ ತಿರುಗಿಸಲು ಪಕ್ಕದಲ್ಲಿ ಒಂದು ಗುಂಡಿ. ಆ ಮಧ್ಯಾಹ್ನ ಅದು ಸ್ವಲ್ಪ ತೆರೆದೇ ಇತ್ತೆಂದು ಮಾಮ ಗಮನಿಸಿದ್ದು ಅಜ್ಜಿ ಹೋದ ಮೂರನೇ ದಿನ. ಹೆಡ್‌ಫೋನಿನಲ್ಲಿ ಬರುತ್ತಿದ್ದದ್ದು ಮೊದಲ ಕ್ಯಾಸೆಟ್ಟಿನ ಸದ್ದು ಮಾತ್ರ. ಎರಡನೇ ಕ್ಯಾಸೆಟ್ಟಿಗೆ ಡ್ರಮ್ಮಿನ ಜೊತೆಗೆ ಮನೆಯ ಸದ್ದೂ ಹೋಗಿತ್ತು.

೧೯೯೪ರಲ್ಲಿ ಚರ್ಚಿನ ಹಬ್ಬದ ಸಂಜೆ ಮಹೇಶನ ತಂಡ ಕುಣಿಯಿತು. ತಾತ ಮುಂದಿನ ಸಾಲಿನಲ್ಲಿ, ಅಮ್ಮ ಅವರ ಪಕ್ಕದಲ್ಲಿ. ನಲವತ್ತೆರಡಕ್ಕೆ ವೇದಿಕೆಯ ಹುಡುಗರು ತಿರುಗಿದರು. ತಾತನೂ ತಿರುಗಿದರು. ಹುಡುಗರಿಗಿಂತ ಒಂದು ಗಳಿಗೆ ಮುಂಚೆಯೇ ತಿರುಗಿದರು ಎಂದು ಅಮ್ಮ ಹೇಳುತ್ತಾರೆ. ಆಮೇಲೆ ಎದ್ದು, ಯಾರಿಗೂ ಹೇಳದೆ ಮನೆಗೆ ನಡೆದುಬಿಟ್ಟರು.

ಮಾರನೆಯ ದಿನದಿಂದ ತಾತ ಮಾಮನನ್ನು ಒಳಗಿನಿಂದ ಕೂಗುವುದನ್ನೇ ಬಿಟ್ಟರು. ಊಟಕ್ಕಾಗಲಿ, ಕಾಫಿಗಾಗಲಿ, ಪರದೆ ಸರಿಸಿಕೊಂಡು ಬಂದು ಭುಜ ಮುಟ್ಟುತ್ತಿದ್ದರು. ೨೦೦೩ರಲ್ಲಿ ತಾವು ತೀರಿಕೊಳ್ಳುವವರೆಗೂ ಹೀಗೆಯೇ ಮಾಡಿದರು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಈ ನಡುವೆ ಹಿಪ್ ಹಾಪ್ ಬದಲಾಗುತ್ತಾ ಹೋಯಿತು. ಮಾಮ ಅದನ್ನು ಕ್ಯಾಸೆಟ್ ಹಾಕಿ ಹಾಕಿ ನನಗೆ ಕೇಳಿಸಿದ್ದಾರೆ. ಮೊದಲಿನವುಗಳಲ್ಲಿ ಹಳೇ ಗ್ರಾಮಫೋನ್ ತಟ್ಟೆಯ ದೂಳು ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಮಾತು ಮಕ್ಕಳ ಎಣಿಕೆಯ ಪದದ ಹಾಗೆ, ಸಾಲಿನ ಕೊನೆಗೆ ಸರಿಯಾಗಿ ಬಂದು ಬೀಳುತ್ತದೆ. ತೊಂಬತ್ತೈದರ ಸುಮಾರಿಗೆ ಅದು ನಿಧಾನವಾಯಿತು, ಕತ್ತಲಾಯಿತು. ಒಂದು ಪಿಯಾನೋ, ಒಂದು ಭಾರದ ಡ್ರಮ್, ಯಾರೋ ಸತ್ತ ಗೆಳೆಯನ ಹೆಸರು. ಲಾಗ ಹಾಕುತ್ತಿದ್ದ ಹುಡುಗರು ಲಾಗ ಬಿಟ್ಟು ದೊಗಳೆ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟು ನಿಂತರು. ಮಹೇಶನ ತಂಡವೂ ಒಡೆಯಿತು. ಎರಡು ಸಾವಿರದ ಹೊತ್ತಿಗೆ ಎಲ್ಲ ಕೀಬೋರ್ಡಿನಲ್ಲೇ ತಯಾರಾಗುತ್ತಿತ್ತು. ಹೊಳೆಯುವ ಸದ್ದು, ಚಪ್ಪಾಳೆ, ನಡುವೆ ಒಂದು ಹೆಣ್ಣು ದನಿ. ನಮ್ಮ ಸಿನಿಮಾ ಹಾಡುಗಳ ನಡುವೆಯೂ ನಾಲ್ಕು ಸಾಲು ರ್‍ಯಾಪ್ ಬಂದು ಕೂತಿತು. ಅದಾದ ಮೇಲೆ ರಿಂಗ್‌ಟೋನಿಗೆ ಸಾಕಾಗುವಷ್ಟು ಹಾಡು. ಹಾಡುವವನ ಗಂಟಲನ್ನೂ ಯಂತ್ರ ತಿದ್ದಿ ನುಣುಪು ಮಾಡುತ್ತದೆ.

"ಹಳೇದ್ರಲ್ಲಿ ಯಾರೋ ಒಂದು ರೂಮಲ್ಲಿ ಇದಾರೆ ಅಂತ ಗೊತ್ತಾಗುತ್ತೆ," ಎಂದು ಒಮ್ಮೆ ಮಾಮ ಹೇಳಿದರು. "ಈಗಿನದ್ರಲ್ಲಿ ರೂಮೇ ಇಲ್ಲ. ಅದಕ್ಕೇ ಇದನ್ನ ಕೇಳೋಕೆ ನಂಗೆ ಭಯ ಆಗಲ್ಲ."

೨೦೦೮ರ ಸೆಪ್ಟೆಂಬರಿನಲ್ಲಿ ಶಿವಕಿರಣ್ ಎಂಬ ಹುಡುಗ ಅಂಗಡಿಗೆ ಬಂದ. ಮಹೇಶನ ಅಕ್ಕನ ಮಗ. ಕಾಲೇಜಿನ ಸ್ಪರ್ಧೆಗೆ ಹಳೇ ಕಾಲದ ಬೀಟ್ ಬೇಕಂತೆ.

"ಮಾವ ಹೇಳಿದ್ರು ನಿಮ್ಮತ್ರ ಒರಿಜಿನಲ್ ಇದೆ ಅಂತ. ಆದ್ರೆ ಕ್ಲೀನ್ ಮಾಡಿ ಕೊಡಿ ಅಂಕಲ್. ಮಧ್ಯದಲ್ಲಿ ಅದೇನೋ ಗಲೀಜು ಸದ್ದಿದ್ಯಲ್ಲ, ಅದನ್ನ ತೆಗ್ದ್‌ಬುಡಿ."

"ನಿಮ್ಮ ಮಾವ ಅದಕ್ಕೇ ತಾನೇ ಕಣೋ ಫೇಮಸ್ಸಾಗಿದ್ದು?"

"ಈಗ ಯಾರೂ ತಿರುಗಲ್ಲ ಅಂಕಲ್. ಜಡ್ಜುಗಳು ಮಾರ್ಕ್ಸ್ ಕಟ್ ಮಾಡ್ತಾರೆ."

ಅವನು ಹೋದ ಮೇಲೆ ಮಾಮ ಎದ್ದು ಪರದೆ ಸರಿಸಿಕೊಂಡು ಒಳಗೆ ಹೋದರು. ಬೀರು ತೆಗೆದು, ಅಜ್ಜಿಯ ಜಪಮಾಲೆಯ ಡಬ್ಬಿಯಿಂದ ಮೂಲ ಕ್ಯಾಸೆಟ್ ತಂದು ನನ್ನ ಕೈಗಿಟ್ಟರು. ಆ ಮೈಕಿನ ಗುಂಡಿಯ ವಿಷಯ ನನಗೆ ಹೇಳಿದ್ದು ಆಗಲೇ.

"ನೀನೇ ಮಾಡು ಏಂಜೆಲ್. ಬರೀ ಆ ಒಂದು ಜಾಗ ಒರೆಸ್ಬುಡು. ಅದ್ರಲ್ಲೇನಿದೆ ಅಂತ ನಂಗೆ ಹೇಳ್ಬೇಡ."

ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು. ಬೆಳಿಗ್ಗೆ ಹತ್ತು ಗಂಟೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಮಾನಿಟರಿನ ಮೇಲೆ ಎಂಬತ್ತು ಸುತ್ತುಗಳೂ ಅಲೆಯಂಥ ಗೆರೆಗಳಾಗಿ, ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕಂಡವು. ನಲವತ್ತೆರಡರ ಖಾಲಿ ಜಾಗವನ್ನು ಒರೆಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಒರೆಸುವ ಮೊದಲು ಅಳತೆಗೆಂದು ನಲವತ್ತೊಂದನ್ನು ದೊಡ್ಡದು ಮಾಡಿ ನೋಡಿದೆ. ಅದರ ಖಾಲಿ ಜಾಗವೂ ಪೂರ್ತಿ ಖಾಲಿಯಾಗಿರಲಿಲ್ಲ. ನಲವತ್ತನ್ನು ನೋಡಿದೆ. ಮೂವತ್ತೊಂಬತ್ತನ್ನು ನೋಡಿದೆ. ಆಗ ನನಗೆ ಹೊಳೆಯಿತು. ಡ್ರಮ್ ಎಲ್ಲ ಕಡೆಯೂ ಒಂದೇ. ಆದರೆ ಒಂದೊಂದು ಸುತ್ತನ್ನೂ ತೆಗೆದದ್ದು ಬೇರೆ ಬೇರೆ ಗಳಿಗೆಯಲ್ಲಿ, ಒಂದೂವರೆ ನಿಮಿಷಕ್ಕೆ ಒಂದರಂತೆ. ಹಾಗಾದರೆ ಈ ನಾಲ್ಕು ನಿಮಿಷದ ಬೀಟಿನಲ್ಲಿ ಆ ಮಧ್ಯಾಹ್ನದ ಎರಡು ಗಂಟೆ ಚೂರು ಚೂರಾಗಿ ಕೂತಿದೆ.

ಡ್ರಮ್ಮನ್ನೆಲ್ಲ ಕತ್ತರಿಸಿ ತೆಗೆದು, ಖಾಲಿ ಜಾಗಗಳನ್ನು ಮಾತ್ರ ಸಾಲಾಗಿ ಜೋಡಿಸಿದೆ. ಸದ್ದು ಹೆಚ್ಚಿಸಿದೆ. ಒಟ್ಟು ಎಪ್ಪತ್ತೆಂಟು ಸೆಕೆಂಡು. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮೂರರಲ್ಲಿ ಕಾಗೆ. ಹತ್ತೊಂಬತ್ತರಲ್ಲಿ ಬೀದಿಯಲ್ಲಿ ಯಾರೋ ಮಾರುವವನ ಕೂಗು, ಅರ್ಧಕ್ಕೇ ತುಂಡಾಗಿದೆ. ಇಪ್ಪತ್ತೇಳರಲ್ಲಿ ಕೆಮ್ಮು. ನಲವತ್ತೊಂದರಲ್ಲಿ "ಕ್ರಿ". ನಲವತ್ತೆರಡರಲ್ಲಿ ಸ್ಪಷ್ಟವಾಗಿ, "ಕ್ರಿಸ್ಟೀ". ನಲವತ್ತನಾಲ್ಕರಲ್ಲಿ "ಸ್ಟೀ" ಎಂಬ ಬಾಲ ಮಾತ್ರ. ನನಗೆ ನೆನಪಿರುವಂತೆ ಅಜ್ಜಿಯ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಅದು ಅಮ್ಮನ ದನಿಯ ಹಾಗೆಯೇ ಇತ್ತು. ಎದ್ದು ಹೋಗಿ ಹಿತ್ತಲಿಗೆ ಇಣುಕಿದೆ. ಅಮ್ಮ ಬಟ್ಟೆ ಹಿಂಡುತ್ತಿದ್ದರು. ಬಂದು ಮತ್ತೆ ಕೂತೆ.

ನಲವತ್ತೈದರಿಂದ ಐವತ್ತಾರರವರೆಗೆ ಏನೂ ಇಲ್ಲ. ಐವತ್ತೇಳು ಮತ್ತು ಐವತ್ತೆಂಟರಲ್ಲಿ ನೆಲಕ್ಕೆ ಚಪ್ಪಲಿ ಸವರುವ ಸದ್ದು. ಐವತ್ತೊಂಬತ್ತರಲ್ಲಿ ಟಿಣ್ ಟಿಣ್ ಎಂದು ಒಂದಕ್ಕೊಂದು ತಾಗುವ ಲೋಹ. ಅದೇನೆಂದು ಯೋಚಿಸಬೇಕಾಗಲಿಲ್ಲ. ಆ ಬಾಗಿಲ ಪರದೆಯ ಸ್ಟೀಲ್ ಬಳೆಗಳು ಈಗಲೂ ಅವೇ. ದಿನವೂ ಕೇಳುತ್ತೇನೆ.

ಅರವತ್ತರಲ್ಲಿ ಉಸಿರು. ಬಹಳ ಹತ್ತಿರದಲ್ಲಿ. ಅರವತ್ತೊಂದರಲ್ಲೂ ಉಸಿರು. ಅರವತ್ತೆರಡರಲ್ಲೂ. ಅದು ಮಾಮನದೇ ಇರಬಹುದು ಎಂದುಕೊಂಡು ಮೊದಲಿನಿಂದ ಮತ್ತೆ ಕೇಳಿದೆ. ಒಂದರಿಂದ ಐವತ್ತೊಂಬತ್ತರವರೆಗೆ ಎಲ್ಲೂ ಉಸಿರಿಲ್ಲ. ಟೇಪಿನ ಸುಂಯ್ ಸದ್ದು ಇರಬಹುದೆಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಟೇಪಿನ ಸದ್ದು ಏರಿಳಿಯುವುದಿಲ್ಲ. ಇದು ಏರಿ ಇಳಿಯುತ್ತಿತ್ತು.

ಎಪ್ಪತ್ತನಾಲ್ಕರಲ್ಲಿ ಹಿಂದಿನ ಬೀದಿಯ ಶಾಲೆಯ ಉದ್ದನೆ ಬೆಲ್. ಶಾಲೆ ಬಿಡುವುದು ನಾಲ್ಕಕ್ಕೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅಜ್ಜಿ ಕೂಗಿದ್ದು ಮೂರೂ ಹತ್ತರ ಸುಮಾರಿಗೆ. ಪರದೆ ಸರಿದದ್ದು ಮೂರೂ ಮುಕ್ಕಾಲಿಗೆ ಸ್ವಲ್ಪ ಮುಂಚೆ. ನಾಲ್ಕೂವರೆಗೆ ಬಂದ ಡಾಕ್ಟರು, ಜೀವ ಹೋಗಿ ಒಂದು ಗಂಟೆಯ ಮೇಲಾಗಿದೆ ಎಂದಿದ್ದರು, ಅಂದರೆ ಮೂರೂವರೆಗೂ ಮೊದಲೇ. ಲೆಕ್ಕವನ್ನು ಮೂರು ಸಲ ಮಾಡಿದೆ. ಒಂದು ಸುತ್ತಿಗೆ ಸರಿಯಾಗಿ ಒಂದೂವರೆ ನಿಮಿಷವೇ ಹಿಡಿಯಿತೆಂದು ಹೇಳಲಾಗದು. ಡಾಕ್ಟರು ಹೇಳಿದ್ದೂ ಅಂದಾಜು. ನನಗೆ ಗೊತ್ತಿರುವುದು ಇಷ್ಟೇ.

ಎಂಬತ್ತರಲ್ಲೂ ಉಸಿರಿತ್ತು.

ಮಾಮ ಹನ್ನೆರಡು ಗಂಟೆಗೆ ಬಂದರು. ನನ್ನ ಮುಖ ನೋಡಿದರು. ಹೇಳಬೇಡ ಎಂದಿದ್ದವರು ತಾವೇ ಕೇಳಿದರು.

"ಕೂಗಿದ್ಲಾ?"

"ಮೂರು ಸಲ, ಮಾಮ."

ಹದಿನಾರು ವರ್ಷ ಅವರು ಯಾವ ಮಾತಿಗೆ ಹೆದರಿ ಕಿವಿ ತೆರೆದಿಟ್ಟುಕೊಂಡು ಕೂತಿದ್ದರೋ ಆ ಮಾತನ್ನು ನಾನು ಹೇಳಿಬಿಟ್ಟಿದ್ದೆ. ಅಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ ಎನ್ನಿಸಿತು.

"ಆಮೇಲೆ ಎದ್ದು ಬಂದ್ರು. ಇಲ್ಲೇ ನಿಮ್ಮ ಹಿಂದೆ ನಿಂತಿದ್ರು."

"ಯಾರ್ ಹೇಳಿದ್ದು?"

"ಕೇಳಿ ಮಾಮ."

ಹಾಕಿದೆ. ಅವರು ನಿಂತೇ ಕೇಳಿದರು. "ಕ್ರಿಸ್ಟೀ" ಎಂದಾಗ ಕೆಮ್ಮಲಿಲ್ಲ, ಏನನ್ನೂ ಕುಟ್ಟಲಿಲ್ಲ. ಚಪ್ಪಲಿಯ ಸದ್ದಿಗೆ ಕಣ್ಣು ಮುಚ್ಚಿದರು. ಬಳೆಗಳು ಟಿಣ್ ಎಂದಾಗ ಇಬ್ಬರೂ ಪರದೆಯ ಕಡೆ ನೋಡಿದೆವು. ಅದು ಅಲ್ಲಾಡುತ್ತಿರಲಿಲ್ಲ. ಉಸಿರು ಶುರುವಾದ ಮೇಲೆ ಅವರು ಬೆರಳು ಮಡಿಸುತ್ತಾ ಎಣಿಸತೊಡಗಿದರು. ಎರಡು ಕೈಯೂ ಎರಡು ಸಲ ತುಂಬಿ, ಇನ್ನೊಂದು ಬೆರಳು.

"ಕೊನೇವರೆಗೂ ಇದ್ಯಾ?"

"ಇದೆ. ಎಂಬತ್ತರಲ್ಲೂ ಇದೆ."

"ಎಂಬತ್ತು ಆದ ತಕ್ಷಣ ಹೆಡ್‌ಫೋನ್ ತೆಗ್ದೆ ಕಣೇ. ತಿರುಗಿ ನೋಡ್ದೆ. ಯಾರೂ ಇರ್ಲಿಲ್ಲ. ಪರದೆ ಆಡ್ತಿತ್ತು. ಗಾಳಿ ಅನ್ಕೊಂಡೆ."

ಲೆಕ್ಕ ಬರೆದ ಹಾಳೆಯನ್ನು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಡಾಕ್ಟರು ಹೇಳಿದ ಹೊತ್ತಿನ ಕೆಳಗೆ ನಾನು ಎಳೆದಿದ್ದ ಗೆರೆಯ ಮೇಲೆ ಬೆರಳಿಟ್ಟರು.

"ಡಾಕ್ಟ್ರು ಇಲ್ಲಿ ಇರ್ಲಿಲ್ಲ ಬುಡು," ಎಂದರು. "ಅವ್ಳಿದ್ಲು."

ಮಾರನೆಯ ದಿನ ಶಿವಕಿರಣ್ ಬಂದು ಅಲ್ಲೇ ಕೇಳಿ ನೋಡಿದ. "ಅಂಕಲ್, ಹಂಗೇ ಇದ್ಯಲ್ಲ!"

"ಹಂಗೇ ಇರುತ್ತೆ. ಬೇಕಾದ್ರೆ ತಗೊಂಡ್ಹೋಗು, ಬೇಡ್ದಿದ್ರೆ ಹೊಸಾದೊಂದು ಹಾಕ್ಕೊಡ್ತೀನಿ. ಅದ್ರಲ್ಲಿ ಯಾರೂ ಇರಲ್ಲ."

ಅವನು ಸ್ವಲ್ಪ ಯೋಚಿಸಿ ಹೊಸದನ್ನೇ ತೆಗೆದುಕೊಂಡ.

ಅವನು ಹೋದ ಮೇಲೆ ಮಾಮ ಕುರ್ಚಿಯನ್ನು ಗೋಡೆಯಿಂದ ಎಳೆದರು. ಮೇಜನ್ನು ನಾವಿಬ್ಬರೂ ಹಿಡಿದು ತಿರುಗಿಸಿದೆವು. ಬೀದಿಯ ಕಡೆ ಮುಖ, ಪರದೆಗೆ ಬೆನ್ನು. ಎದುರು ಮನೆಯ ಕಟ್ಟೆಯಿಂದ ನೀಲಮ್ಮ, "ಅಬ್ಬಾ, ಈಗ ಬುದ್ಧಿ ಬಂತು ನೋಡು!" ಎಂದು ಕೂಗಿದರು. ಮಾಮ ಕೈಯೆತ್ತಿ ನಕ್ಕರು. ಗಿರಾಕಿಗಳಿಗೆಂದು ಇಟ್ಟಿದ್ದ ಹೆಡ್‌ಫೋನನ್ನು ಒರೆಸಿ ಕಿವಿಗೆ ಹಾಕಿಕೊಂಡರು. ಆ ಎಪ್ಪತ್ತೆಂಟು ಸೆಕೆಂಡನ್ನು ಹಾಕಿಕೊಂಡರೆಂದು ಕಂಪ್ಯೂಟರಿನಲ್ಲಿ ಓಡುತ್ತಿದ್ದ ಗೆರೆಯಿಂದ ತಿಳಿಯಿತು.

ಒಂದೂವರೆಗೆ ಅಮ್ಮ ಊಟಕ್ಕೆ ಕರೆಯಲು ಹೇಳಿದರು. ನಾನು ಬಾಗಿಲಿನಿಂದ ಕರೆಯಲಿಲ್ಲ. ಪರದೆ ಸರಿಸಿ, ತಾತ ಮಾಡುತ್ತಿದ್ದ ಹಾಗೆ ಹತ್ತಿರ ಹೋಗಿ ಭುಜ ಮುಟ್ಟಿದೆ. ಗೆರೆ ಅರವತ್ತರ ಆಚೆ ಓಡುತ್ತಿತ್ತು.

ಮಾಮ ತಿರುಗಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಹೇಳಿದರು: "ಇದು ಮುಗೀಲಿ. ನಿಂತು ನಿಂತು ಕಾಲು ನೋಯುತ್ತೆ, ಇಬ್ರೂ ಕೂತ್ಕೊಳಿ."

ಒಳಗೆ ಅಮ್ಮ ತಟ್ಟೆ ಇಡುತ್ತಿದ್ದ ಸದ್ದು ಕೇಳುತ್ತಿತ್ತು. ಗೋಡೆಯ ಪಕ್ಕದ ಬೆಂಚನ್ನು ಎಳೆದುಕೊಂಡು, ಅದರ ಒಂದು ತುದಿಯಲ್ಲಿ ಜಾಗ ಬಿಟ್ಟು ಕೂತೆ.